ಬೈಕ್‌ಪ್ಯಾಕಿಂಗ್‌ಗೆ ಮೊದಲು ಬದಲಿಸಬೇಕಾದದ್ದು ಯಾವುದು: ಗೇರೋ, ಟೆಂಟೋ?

ದೂರದಾರಿ

ಗೆಳೆಯರೇ, ಕಚ್ಚಾ ರಸ್ತೆ ಮತ್ತು ಕಾಡುದಾರಿಗಳಲ್ಲಿ ಐದಾರು ದಿನ ಸತತವಾಗಿ ಸೈಕಲ್ ತುಳಿದು, ರಾತ್ರಿ ಬಯಲಿನಲ್ಲೇ ಟೆಂಟ್ ಹಾಕಿ ಮಲಗುವಂಥ ಪ್ರಯಾಣಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿದ್ದೇನೆ. ನನ್ನಲ್ಲಿರುವುದು ಮುಂದೆ ಮಾತ್ರ ಸಸ್ಪೆನ್ಷನ್ ಇರುವ, 29 ಇಂಚಿನ ಚಕ್ರದ ಅಲ್ಯೂಮಿನಿಯಂ ಸೈಕಲ್. ಮುಂದೆ 32 ಹಲ್ಲಿನ ಒಂದೇ ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರ), ಹಿಂದೆ 11ರಿಂದ 42 ಹಲ್ಲಿನವರೆಗಿನ 11 ಗೇರಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಜೋಡಣೆ), ಟ್ಯೂಬ್ ಹಾಕಿದ 2.1 ಇಂಚಿನ ಟೈರ್, ಎರಡೂ ಕಡೆ 160 ಮಿ.ಮೀ. ಡಿಸ್ಕ್ ಇವೆ. ಮಲಗುವ ಸಾಮಾನೆಲ್ಲ ಚಾರಣಕ್ಕೆಂದು ಕೊಂಡದ್ದು: 2.6 ಕೆ.ಜಿ. ತೂಗುವ ಇಬ್ಬರ ಟೆಂಟ್, ಸಿಂಥೆಟಿಕ್ ಸ್ಲೀಪಿಂಗ್ ಬ್ಯಾಗ್, ಸುರುಳಿ ಸುತ್ತುವ ಫೋಮ್ ಮ್ಯಾಟ್.

ಸೈಕಲ್ಲಿನ ಬಿಡಿಭಾಗಗಳನ್ನೂ ಕ್ಯಾಂಪಿಂಗ್ ಸಾಮಾನನ್ನೂ ಒಟ್ಟಿಗೆ ಬದಲಿಸುವುದು ಸದ್ಯಕ್ಕೆ ಆಗದ ಮಾತು. ಚಡಾವಿನಲ್ಲಿ ಮಂಡಿಗೆ ಬೀಳುವ ಹೊರೆ ಕಡಿಮೆಯಾಗಬೇಕು, ಸಾಮಾನು ಅಲ್ಲಾಡದಂತೆ ಕೂರಬೇಕು, ರಾತ್ರಿ ನಿದ್ದೆ ಬರಬೇಕು. ಈ ಮೂರನ್ನೂ ಮುಂದಿಟ್ಟುಕೊಂಡು ಯಾವುದರಿಂದ ಆರಂಭಿಸಬೇಕೆಂದು, ಕಾರಣಸಹಿತವಾಗಿ ಹೇಳಿದರೆ ಉಪಕಾರವಾಗುತ್ತದೆ.

ಏರುಹಾದಿ

ದೂರದಾರಿ ಅವರೇ, ಗೇರ್ ಮೊದಲು. ಇದು ಬರಿಯ ಅಭಿರುಚಿಯ ಮಾತಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ನಿಮ್ಮ ಚಕ್ರ ಒಂದು ಸುತ್ತಿಗೆ ಸುಮಾರು 2.29 ಮೀಟರ್ ಮುಂದೆ ಹೋಗುತ್ತದೆ. ಮುಂದೆ 32, ಹಿಂದೆ 42 ಹಲ್ಲಿದ್ದಾಗ ಪೆಡಲಿನ ಒಂದು ಪೂರ್ತಿ ಸುತ್ತಿಗೆ ಸೈಕಲ್ 1.74 ಮೀಟರ್ ಸಾಗಲೇಬೇಕು, ಅಂದರೆ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 6.3 ಕಿ.ಮೀ. ಸವಾರ, ಸೈಕಲ್, ಸಾಮಾನು ಎಲ್ಲ ಸೇರಿ 100 ಕೆ.ಜಿ. ಎಂದಿಟ್ಟುಕೊಳ್ಳೋಣ. ಜಲ್ಲಿ ಹಾಸಿದ ರಸ್ತೆಯಲ್ಲಿ ಶೇಕಡಾ 10ರ ಚಡಾವನ್ನು ಆ ವೇಗದಲ್ಲಿ ಹತ್ತಲು ಸುಮಾರು 205 ವ್ಯಾಟ್ ಬೇಕಾಗುತ್ತದೆ. ಅದೇ ಚಡಾವಿನಲ್ಲಿ ಮುಂದೆ 30, ಹಿಂದೆ 51 ಹಲ್ಲಿದ್ದರೆ ಒಂದು ಸುತ್ತಿಗೆ 1.35 ಮೀಟರ್, ವೇಗ ಗಂಟೆಗೆ 4.8 ಕಿ.ಮೀ., ಬೇಕಾಗುವ ಶಕ್ತಿ ಸುಮಾರು 158 ವ್ಯಾಟ್. ಮೊದಲ ದಿನ ಬೆಳಿಗ್ಗೆ 205 ವ್ಯಾಟ್ ಎಷ್ಟೋ ಜನರಿಗೆ ಸಾಧ್ಯ. ನಾಲ್ಕನೆಯ ದಿನ ಮಧ್ಯಾಹ್ನ, ನಿದ್ದೆ ಅರೆಬರೆಯಾಗಿರುವಾಗ, ಅಷ್ಟು ಶಕ್ತಿ ಕಾಲಿನಲ್ಲಿ ಉಳಿದಿರುವುದಿಲ್ಲ. ಆಗ ಪೆಡಲಿನ ಸುತ್ತು ನಿಮಿಷಕ್ಕೆ 45ಕ್ಕೆ ಇಳಿಯುತ್ತದೆ, ಪ್ರತಿ ತುಳಿತಕ್ಕೂ ಮೈಯ ಭಾರವನ್ನೆಲ್ಲ ಹಾಕಬೇಕಾಗುತ್ತದೆ, ಮಂಡಿನೋವು ಶುರುವಾಗುವುದು ಅಲ್ಲಿಂದಲೇ.

ಈಗ ಟೆಂಟಿನ ಕಡೆಗೆ ಬನ್ನಿ. 2.6 ಕೆ.ಜಿ. ಟೆಂಟ್ ಬಿಟ್ಟು 1.2 ಕೆ.ಜಿ. ಟೆಂಟ್ ಕೊಂಡರೆ 1.4 ಕೆ.ಜಿ. ಉಳಿಯುತ್ತದೆ. ಮೇಲೆ ಹೇಳಿದ ಚಡಾವಿನಲ್ಲಿ ಅದರಿಂದ 205 ವ್ಯಾಟ್ 202ಕ್ಕೆ ಇಳಿಯುತ್ತದೆ, ಅಷ್ಟೇ. ಒಟ್ಟು 1000 ಮೀಟರ್ ಎತ್ತರ ಏರುವ ದಿನದಲ್ಲಿ, 150 ವ್ಯಾಟ್‌ನಲ್ಲಿ ತುಳಿಯುವವರಿಗೆ ಆ 1.4 ಕೆ.ಜಿ. ಉಳಿಸಿಕೊಡುವುದು ಒಂದೂವರೆ ನಿಮಿಷ. ತೂಕ ಇಳಿಸುವುದು ತಪ್ಪಲ್ಲ. ಆದರೆ ಮಂಡಿಯನ್ನು ಕಾಪಾಡುವುದು ಗೇರಿನ ಅನುಪಾತವೇ ಹೊರತು ಟೈಟಾನಿಯಂ ಗೂಟವಲ್ಲ.

ಹಗುರಹೊರೆ

ಏರುಹಾದಿ ಅವರ ಲೆಕ್ಕದಲ್ಲಿ ದೋಷವಿಲ್ಲ, ಆದರೆ ಆ ಲೆಕ್ಕದೊಳಗೆ ಬಾರದ ಸಂಗತಿಗಳೂ ಇವೆ. ಸೈಕಲ್ ತುಳಿಯುವಾಗ ತೂಕವನ್ನು ಚಕ್ರ ಹೊರುತ್ತದೆ, ತಳ್ಳುವಾಗ ಮತ್ತು ಎತ್ತುವಾಗ ನಾವು ಹೊರುತ್ತೇವೆ. ಅಡ್ಡ ಬಿದ್ದ ಮರ, ಸಡಿಲ ಕಲ್ಲಿನ ಕಡಿದಾದ ಏರು, ಹಳ್ಳ ದಾಟುವ ಜಾಗ ಇಂಥವು ದಾರಿಯಲ್ಲಿ ಬಂದಾಗ 22 ಕೆ.ಜಿ. ಸೈಕಲ್ಲನ್ನು ಭುಜಕ್ಕೆ ಏರಿಸುವುದಕ್ಕೂ 27 ಕೆ.ಜಿ. ಸೈಕಲ್ಲನ್ನು ಏರಿಸುವುದಕ್ಕೂ ಇರುವ ಅಂತರವನ್ನು ವ್ಯಾಟ್‌ನಲ್ಲಿ ಹೇಳಲಾಗದು. ಕಾಡುದಾರಿಯ ಪ್ರಯಾಣ ಎಂದು ದೂರದಾರಿ ಅವರೇ ಬರೆದಿರುವುದರಿಂದ ಇದನ್ನು ಬದಿಗಿಡುವಂತಿಲ್ಲ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಸೈಕಲ್ಲಿನಲ್ಲಿ ಮೊದಲು ಮುಗಿದುಹೋಗುವುದು ತೂಕದ ಮಿತಿಯಲ್ಲ, ಜಾಗ. ಹ್ಯಾಂಡಲ್‌ಬಾರ್ ಚೀಲ 10ರಿಂದ 15 ಲೀಟರ್, ಸೀಟಿನ ಹಿಂದಿನ ಚೀಲ 8ರಿಂದ 16 ಲೀಟರ್, ಫ್ರೇಮಿನ ತ್ರಿಕೋನದೊಳಗಿನ ಚೀಲ ನಾಲ್ಕೈದು ಲೀಟರ್. ಎಲ್ಲ ಸೇರಿದರೂ 30 ಲೀಟರಿನ ಆಸುಪಾಸಿನಲ್ಲೇ ಇರುತ್ತದೆ. ಚಾರಣಕ್ಕೆಂದು ಮಾಡಿದ ಸಿಂಥೆಟಿಕ್ ಸ್ಲೀಪಿಂಗ್ ಬ್ಯಾಗ್ ಒಂದೇ ಸೀಟಿನ ಚೀಲವನ್ನೆಲ್ಲ ನುಂಗಿಬಿಡುತ್ತದೆ. ಸುರುಳಿ ಮ್ಯಾಟ್ ಯಾವ ಚೀಲದೊಳಗೂ ಹೋಗುವುದಿಲ್ಲ, ಹೊರಗೆ ಕಟ್ಟಿದರೆ ಪೊದೆಗೆ ಸಿಕ್ಕಿ ಹರಿಯುತ್ತದೆ. ಆದ್ದರಿಂದ ಕ್ಯಾಂಪಿಂಗ್ ಸಾಮಾನು ಕೊಳ್ಳುವಾಗ ಗ್ರಾಂ ನೋಡುವ ಮೊದಲು ಲೀಟರ್ ನೋಡಿ ಎನ್ನುವುದು ನನ್ನ ಸಲಹೆ. ಹಗುರವಾದುದೆಲ್ಲ ಚಿಕ್ಕದಾಗಿ ಮಡಚಿಕೊಳ್ಳುವುದಿಲ್ಲ; ಡೈನೀಮಾ ಎಂಬ ಅತಿ ಹಗುರ ನಾರಿನ ಬಟ್ಟೆಯ ಟೆಂಟ್ ತೂಕದಲ್ಲಿ ಎಲ್ಲಕ್ಕಿಂತ ಕಡಿಮೆಯಿದ್ದರೂ, ಮಡಚಿದಾಗ ಸಿಲಿಕಾನ್ ಲೇಪಿಸಿದ ನೈಲಾನ್ ಟೆಂಟಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ.

ಕಡ್ಡಿಚಕ್ರ

ನಾನು ಸೈಕಲ್ ರಿಪೇರಿಯ ಕೆಲಸದಲ್ಲಿರುವವನು, ಹಾಗಾಗಿ ಯಂತ್ರದ ಭಾಗದ ಬಗ್ಗೆ ಮಾತ್ರ ಬರೆಯುತ್ತೇನೆ.

ಗೇರ್ ಇಳಿಸಲು ಎರಡು ದಾರಿಗಳಿವೆ. ಮೊದಲನೆಯದು ಮುಂದಿನ ಚೈನ್‌ರಿಂಗನ್ನು 32ರಿಂದ 28ಕ್ಕೆ ಇಳಿಸುವುದು. ಕ್ರ್ಯಾಂಕಿಗೆ (ಪೆಡಲ್ ಕೂರುವ ತೋಳಿಗೆ) ನೇರವಾಗಿ ಕೂರುವ ಬಗೆಯ ರಿಂಗಾದರೆ ಇದು ಅರ್ಧ ಗಂಟೆಯ ಕೆಲಸ. ನಾಲ್ಕು ಬೋಲ್ಟುಗಳ 104 ಮಿ.ಮೀ. ವೃತ್ತದ ಕ್ರ್ಯಾಂಕಾದರೆ 30ಕ್ಕಿಂತ ಚಿಕ್ಕ ರಿಂಗ್ ಅಲ್ಲಿ ಕೂರುವುದಿಲ್ಲ, ಅದನ್ನು ಕೊಳ್ಳುವ ಮೊದಲೇ ಅಳೆದು ನೋಡಿ. 28 ಮತ್ತು 42ರ ಜೋಡಿಯಲ್ಲಿ ಪೆಡಲಿನ ಒಂದು ಸುತ್ತಿಗೆ 1.53 ಮೀಟರ್ ಸಿಗುತ್ತದೆ. ಅತಿ ವೇಗದ ಗೇರಿನಲ್ಲಿ, ಅಂದರೆ ಹಿಂದೆ 11 ಹಲ್ಲಿದ್ದಾಗ, ನಿಮಿಷಕ್ಕೆ 85 ಸುತ್ತು ತುಳಿದರೆ ಈಗಲೂ ಗಂಟೆಗೆ ಸುಮಾರು 30 ಕಿ.ಮೀ. ಬರುತ್ತದೆ, ಸಾಮಾನು ಹೇರಿದ ಸೈಕಲ್ಲಿಗೆ ಕಚ್ಚಾ ರಸ್ತೆಯಲ್ಲಿ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ರಿಂಗ್ ಚಿಕ್ಕದಾದಾಗ ಚೈನನ್ನೂ ಒಂದು ಜೋಡಿ ಕೊಂಡಿಯಷ್ಟು ಕಿರಿದು ಮಾಡಬೇಕು.

ಎರಡನೆಯದು ಕ್ಯಾಸೆಟ್ ಬದಲಿಸುವುದು. ಇಲ್ಲಿ ಹಲವರು ಎಡವುವುದು ಹಿಂದಿನ ಹಬ್ಬಿನ ವಿಚಾರದಲ್ಲಿ. ಶಿಮಾನೋ ಕಂಪನಿಯ 12 ಗೇರಿನ, 10 ಹಲ್ಲಿನಿಂದ ಶುರುವಾಗುವ ಕ್ಯಾಸೆಟ್‌ಗೆ ಮೈಕ್ರೋಸ್ಪ್ಲೈನ್ ಎಂಬ ಬೇರೆಯ ಫ್ರೀಹಬ್ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಬೇಕು. ಸ್ರ್ಯಾಮ್‌ನ 10 ಹಲ್ಲಿನ ಕ್ಯಾಸೆಟ್‌ಗಳಿಗೆ ಎಕ್ಸ್‌ಡಿ ಫ್ರೀಹಬ್ ಬೇಕು. ನಿಮ್ಮ 11ರಿಂದ 42ರ ಕ್ಯಾಸೆಟ್ ಹಳೆಯ ಎಚ್‌ಜಿ ಫ್ರೀಹಬ್ಬಿನ ಮೇಲೇ ಕೂತಿರುತ್ತದೆ. ಅದೇ ಹಬ್ಬಿಗೆ ಹೊಂದುವ, 11 ಗೇರಿನ 11ರಿಂದ 51 ಹಲ್ಲಿನ ಶಿಮಾನೋ ಡಿಯೋರ್ ಕ್ಯಾಸೆಟ್ ಇದೆ, ಆದ್ದರಿಂದ ಚಕ್ರ ಬದಲಿಸಬೇಕಾಗಿಲ್ಲ. ಆದರೆ 42 ಹಲ್ಲಿಗೆಂದು ಮಾಡಿದ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 51ನ್ನು ಮುಟ್ಟಲಾರದು, ಅದನ್ನೂ ಚೈನನ್ನೂ ಬದಲಿಸಲೇಬೇಕು.

ಹೊಸತಾಗಿಯೇ ಕೊಳ್ಳುವುದಾದರೆ 2023ರಲ್ಲಿ ಶಿಮಾನೋ ತಂದ ಕ್ಯೂಸ್ ಸರಣಿಯನ್ನು ನೋಡಿ. ಅದರ ಲಿಂಕ್‌ಗ್ಲೈಡ್ ಕ್ಯಾಸೆಟ್‌ನ ಹಲ್ಲುಗಳು ದಪ್ಪ, ತೂಕ ಹೆಚ್ಚು, ಬಾಳಿಕೆ ಮೂರು ಪಟ್ಟು ಎಂದು ಕಂಪನಿ ಹೇಳಿಕೊಳ್ಳುತ್ತದೆ. ಅದೂ ಎಚ್‌ಜಿ ಫ್ರೀಹಬ್ಬಿಗೇ ಕೂರುತ್ತದೆ. ಧೂಳು ಮತ್ತು ಕೆಸರಿನಲ್ಲಿ ದಿನವಿಡೀ ಭಾರ ಹೊತ್ತು ತುಳಿಯುವವರಿಗೆ ನೂರಿನ್ನೂರು ಗ್ರಾಂ ಉಳಿಸುವುದಕ್ಕಿಂತ ಹಲ್ಲು ಸವೆಯದಿರುವುದು ದೊಡ್ಡ ಲಾಭ. ಒಂದು ಎಚ್ಚರಿಕೆಯೆಂದರೆ, ಕ್ಯೂಸ್‌ನ ಶಿಫ್ಟರ್ ಎಳೆಯುವ ಕೇಬಲ್ಲಿನ ಅಳತೆ ಹಳೆಯ ಸರಣಿಗಳದ್ದಲ್ಲ. ಶಿಫ್ಟರ್, ಡಿರೈಲರ್, ಕ್ಯಾಸೆಟ್ ಮೂರನ್ನೂ ಒಟ್ಟಿಗೆ ಹಾಕಿ, ಹಳತು ಹೊಸತನ್ನು ಬೆರೆಸಬೇಡಿ.

ಗೇರಿಗಿಂತ ಮೊದಲು ಟೈರ್ ಎನ್ನುವ ಅಭಿಪ್ರಾಯವೂ ನನಗಿದೆ. ನಿಮ್ಮ ಫ್ರೇಮಿನಲ್ಲಿ ಎರಡೂ ಬದಿ 5-6 ಮಿ.ಮೀ. ತೆರವು ಉಳಿಯುವುದಾದರೆ 2.25 ಅಥವಾ 2.35 ಇಂಚಿನ, ನಡುವೆ ನುಣುಪಾಗಿ ಅಂಚಿನಲ್ಲಿ ಗುಬಟಿರುವ ಟೈರನ್ನು ಟ್ಯೂಬಿಲ್ಲದೆ, ಒಳಗೆ ಸೀಲಂಟ್ (ತೂತನ್ನು ತಾನೇ ಮುಚ್ಚುವ ದ್ರವ) ಹಾಕಿ ಕೂರಿಸಿ. ಪ್ರತಿ ಚಕ್ರಕ್ಕೆ 100 ಮಿ.ಲೀ. ಆಸುಪಾಸು ಸೀಲಂಟ್ ಸಾಕು. ಅದು ಕೆಲವು ತಿಂಗಳಲ್ಲೇ ಒಣಗುವುದರಿಂದ ಹೊರಡುವ ವಾರ ವಾಲ್ವಿನ ಮೂಲಕ ಕಡ್ಡಿ ಇಳಿಸಿ, ಒದ್ದೆ ಅಂಟುತ್ತದೆಯೋ ಇಲ್ಲವೋ ನೋಡಿಕೊಳ್ಳಿ. ಬದಿಗೋಡೆ ಕಲ್ಲಿಗೆ ಸಿಕ್ಕಿ ಸೀಳಿದರೆ ಸೀಲಂಟೂ ಪ್ಲಗ್ಗೂ ಕೈಗೆ ಬರುವುದಿಲ್ಲ. ಆಗ ದಪ್ಪ ಸೂಜಿ ಮತ್ತು ಗಟ್ಟಿ ನೈಲಾನ್ ದಾರದಿಂದ ಸೀಳಿನ ಎರಡೂ ಅಂಚನ್ನು ಒಂದೊಂದು ಹೊಲಿಗೆ ಗಂಟು ಹಾಕುತ್ತ ಕೂಡಿಸಿ, ಒಳಗಿನಿಂದ ತೇಪೆ ಅಂಟಿಸಿ, ಟ್ಯೂಬ್ ಹಾಕಿ ಮುಂದೆ ಹೋಗಬಹುದು. ಅದಕ್ಕೆಂದು ಜೊತೆಗಿಟ್ಟುಕೊಳ್ಳುವ ಟ್ಯೂಬ್ ಟಿಪಿಯು ಎಂಬ ತೆಳು ಪ್ಲಾಸ್ಟಿಕ್ ಬಗೆಯದಾದರೆ ರಬ್ಬರ್ ಟ್ಯೂಬಿನ ಅರ್ಧಕ್ಕಿಂತ ಕಡಿಮೆ ತೂಕ, ಮುಷ್ಟಿಯೊಳಗೆ ಅಡಗುವಷ್ಟು ಗಾತ್ರ. ಅದಕ್ಕೆ ಹೊಂದುವ ತೇಪೆಯನ್ನೇ ಕೊಂಡಿಟ್ಟುಕೊಳ್ಳಿ, ರಬ್ಬರಿನ ತೇಪೆ ಅದಕ್ಕೆ ಹಿಡಿಯುವುದಿಲ್ಲ.

ದೂರದಾರಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಅಳೆದು ನೋಡಿದೆ: ಕ್ರ್ಯಾಂಕ್ ನೇರವಾಗಿ ರಿಂಗ್ ಕೂರುವ ಬಗೆಯದು, ಹಿಂದಿನ ಫ್ರೇಮಿನಲ್ಲಿ 2.25 ಇಂಚಿನ ಟೈರಿಗೆ ತೆರವಿದೆ, 2.35ಕ್ಕೆ ಇಲ್ಲ. ಟೆಂಟಿನ ಕೋಲುಗಳನ್ನು ಬಿಚ್ಚಿದಾಗ ಪ್ರತಿ ತುಂಡು 46 ಸೆಂ.ಮೀ. ಉದ್ದವಿದೆ. ಹ್ಯಾಂಡಲ್‌ಬಾರ್‌ನಲ್ಲಿ ಬ್ರೇಕಿನ ಕೇಬಲ್ ಮತ್ತು ಶಿಫ್ಟರ್‌ಗಳ ನಡುವೆ ಅಷ್ಟು ಜಾಗ ಸಿಗುವುದಿಲ್ಲ. ಸಾಮಾನು ಹೇರಿದಾಗ 160 ಮಿ.ಮೀ. ಡಿಸ್ಕ್ ಸಾಕಾಗುತ್ತದೆಯೇ? ಟೆಂಟ್ ಕೊಳ್ಳುವವರೆಗೆ ಇರುವುದನ್ನೇ ಹೇಗೆ ಹೊಂದಿಸಿಕೊಳ್ಳಬಹುದು?

ಕಡ್ಡಿಚಕ್ರ

ಉದ್ದನೆಯ ಇಳಿಜಾರಿನಲ್ಲಿ 100 ಕೆ.ಜಿ.ಯನ್ನು ತಡೆದು ಹಿಡಿಯುವಾಗ 160 ಮಿ.ಮೀ. ಡಿಸ್ಕ್ ಬೇಗ ಬಿಸಿಯಾಗುತ್ತದೆ. ಮುಂದಿನದನ್ನಾದರೂ 180 ಮಿ.ಮೀ.ಗೆ ಏರಿಸಿ, ಫೋರ್ಕ್ ಮಾಡಿದವರು ಆ ಅಳತೆಗೆ ಒಪ್ಪಿಗೆ ಕೊಟ್ಟಿದ್ದಾರೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ, ಕ್ಯಾಲಿಪರ್‌ಗೆ ಅಡಾಪ್ಟರ್ ಕೂಡ ಬೇಕಾಗುತ್ತದೆ. ಪ್ಯಾಡಿನ ವಿಚಾರದಲ್ಲಿ, ಕೆಸರು ಮತ್ತು ಮಳೆಯಲ್ಲಿ ರೆಸಿನ್ ಪ್ಯಾಡ್ ಬೇಗ ಸವೆಯುತ್ತದೆ, ಲೋಹದ ಪುಡಿಯ ಪ್ಯಾಡ್ ಹೆಚ್ಚು ಬಾಳುತ್ತದೆ, ಬಿಸಿಯನ್ನೂ ತಾಳುತ್ತದೆ, ಸದ್ದು ಮಾತ್ರ ಹೆಚ್ಚು. ಆದರೆ ಕಡಿಮೆ ದರ್ಜೆಯ ಎಷ್ಟೋ ಡಿಸ್ಕುಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಬಳಸಬೇಕೆಂದು ಕೆತ್ತಿರುತ್ತದೆ; ಅಂಥ ಡಿಸ್ಕಿಗೆ ಲೋಹದ ಪ್ಯಾಡ್ ಹಾಕಿದರೆ ಡಿಸ್ಕೇ ತೆಳ್ಳಗಾಗಿಬಿಡುತ್ತದೆ. ಯಾವ ಬಗೆಯದಾದರೂ ಸರಿ, ಹೊಸ ಪ್ಯಾಡಿನ ಒಂದು ಜೋಡಿ ಚೀಲದಲ್ಲಿರಲಿ.

ನಾಲ್ಕುಗೂಟ

ಟೆಂಟಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಕೋಲುಗಳನ್ನು ಟೆಂಟಿನ ಬಟ್ಟೆಯೊಂದಿಗೇ ಸುತ್ತಬೇಕೆಂಬ ಕಟ್ಟುಪಾಡಿಲ್ಲ. ಬಟ್ಟೆಯನ್ನು ಹ್ಯಾಂಡಲ್‌ಬಾರ್ ಚೀಲದೊಳಗೆ ಸಡಿಲವಾಗಿ ತುರುಕಿ, ಕೋಲುಗಳನ್ನು ಫ್ರೇಮಿನ ಮೇಲಿನ ಕೊಳವೆಯ ಕೆಳಗೆ, ಫ್ರೇಮ್ ಚೀಲದ ಪಟ್ಟಿಗಳೊಳಗೆ ಸೇರಿಸಿ ಕಟ್ಟಿದರೆ ಈಗಿನ ಟೆಂಟನ್ನೂ ಒಯ್ಯಬಹುದು. ಕೋಲು ಲೋಹಕ್ಕೆ ಉಜ್ಜದಂತೆ ಅವಕ್ಕೊಂದು ಬಟ್ಟೆಯ ಚೀಲ ಹೊಲಿಸಿಕೊಳ್ಳಿ. ಮುಂದೆ ಕೊಳ್ಳುವಾಗ ಸೈಕಲ್ಲಿಗೆಂದೇ ಮಾಡಿದ, ಕೋಲಿನ ತುಂಡುಗಳು 30 ಸೆಂ.ಮೀ. ಆಸುಪಾಸಿರುವ ಟೆಂಟನ್ನು ನೋಡಿ. ಬಿಗ್ ಆಗ್ನೆಸ್ ಮುಂತಾದವರು ಹಳೆಯ ಮಾದರಿಗಳನ್ನೇ ಇಂಥ ಗಿಡ್ಡ ಕೋಲಿನೊಂದಿಗೆ ಮಾರುತ್ತಾರೆ. ಊರುಗೋಲಿನ ಆಧಾರದಲ್ಲಿ ನಿಲ್ಲುವ ಚಾರಣದ ಟೆಂಟುಗಳು ತೂಕದಲ್ಲಿ ಆಕರ್ಷಕವಾಗಿ ಕಂಡರೂ ಸೈಕಲ್ ಸವಾರನ ಕೈಯಲ್ಲಿ ಊರುಗೋಲು ಇರುವುದಿಲ್ಲ, ಬೇರೆ ಕೋಲು ಕೊಳ್ಳಬೇಕಾಗುತ್ತದೆ, ಆ ತೂಕವನ್ನು ಪಟ್ಟಿಯಲ್ಲಿ ಬರೆದಿರುವುದಿಲ್ಲ.

ಒಂದೇ ಪದರದ ಟೆಂಟ್ ಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಿ. ಉಸಿರಿನ ತೇವ ರಾತ್ರಿಯಿಡೀ ಬಟ್ಟೆಯ ಒಳಮೈಯಲ್ಲಿ ಹನಿಗಟ್ಟುತ್ತದೆ. ಎರಡು ಪದರವಿದ್ದರೆ ಆ ಹನಿ ಹೊರಪದರದಲ್ಲೇ ಉಳಿಯುತ್ತದೆ, ಒಂದೇ ಪದರವಾದರೆ ಎದ್ದು ಕೂರುವಾಗಲೆಲ್ಲ ಸ್ಲೀಪಿಂಗ್ ಬ್ಯಾಗಿಗೂ ತಲೆಗೂ ಒರೆಸಿಕೊಳ್ಳುತ್ತದೆ. ಗಾಳಿಯಾಡುವ ಒಣ ಪ್ರದೇಶದಲ್ಲಿ ಇದು ತೊಡಕಲ್ಲ. ನೀರಿನ ಪಕ್ಕದ ತಗ್ಗಿನಲ್ಲಿ, ಗಾಳಿಯಿಲ್ಲದ ರಾತ್ರಿಯಲ್ಲಿ ನಿಜಕ್ಕೂ ಕಷ್ಟ. ನೈಲಾನ್ ಒದ್ದೆಯಾದಾಗ ಹಿಗ್ಗಿ ಜೋಲುತ್ತದೆ, ಮಧ್ಯರಾತ್ರಿ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ. ಪಾಲಿಯೆಸ್ಟರ್ ಹಾಗೆ ಜೋಲುವುದಿಲ್ಲ. ಬರಿಯ ತಾಡಪಾಲು ಕಟ್ಟಿ, ಸೈಕಲ್ಲನ್ನೇ ತಲೆಕೆಳಗು ಮಾಡಿ ಕಂಬವಾಗಿಸಿಕೊಂಡು ಮಲಗುವವರೂ ಇದ್ದಾರೆ. ಅದು ಅಭ್ಯಾಸದ ಕೆಲಸ, ಮೊದಲ ದೀರ್ಘ ಪ್ರಯಾಣಕ್ಕೆ ಬೇಡ.

ಟೆಂಟಿಗಿಂತ ಮೊದಲು ಬದಲಿಸಬೇಕಾದದ್ದು ಮ್ಯಾಟ್ ಮತ್ತು ಹೊದಿಕೆ. ನೆಲದ ಚಳಿಯನ್ನು ತಡೆಯುವುದು ಸ್ಲೀಪಿಂಗ್ ಬ್ಯಾಗಲ್ಲ, ಮ್ಯಾಟ್. ಮೈಯ ಅಡಿ ಸಿಕ್ಕಿದ ಬ್ಯಾಗಿನ ಭಾಗ ಅಪ್ಪಚ್ಚಿಯಾಗಿ ತನ್ನ ಶಾಖವನ್ನೆಲ್ಲ ಕಳೆದುಕೊಳ್ಳುತ್ತದೆ. ಮ್ಯಾಟ್ ಎಷ್ಟು ಚಳಿ ತಡೆಯುತ್ತದೆ ಎಂಬುದನ್ನು ಆರ್ ಮೌಲ್ಯದಲ್ಲಿ ಹೇಳುತ್ತಾರೆ. 2018ರಲ್ಲಿ ಬಂದ ಎಎಸ್‌ಟಿಎಂ ಎಫ್3340 ಮಾನದಂಡದ ಪ್ರಕಾರ ಅಳೆದ ಮೌಲ್ಯಗಳನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಲಿಸಬಹುದು. ಥರ್ಮಾರೆಸ್ಟ್‌ನ ಗಾಳಿ ತುಂಬುವ ನಿಯೋಏರ್ ಎಕ್ಸ್‌ಲೈಟ್ ಎನ್‌ಎಕ್ಸ್‌ಟಿ 370 ಗ್ರಾಂ ತೂಗುತ್ತದೆ, ಆರ್ ಮೌಲ್ಯ 4.5, ಮಡಚಿದರೆ ನೀರಿನ ಬಾಟಲಿಯ ಗಾತ್ರಕ್ಕೆ ಬರುತ್ತದೆ. ಅದೇ ಕಂಪನಿಯ ಫೋಮ್ ಮ್ಯಾಟ್ ಝೆಡ್‌ಲೈಟ್ ಸೋಲ್ 410 ಗ್ರಾಂ, ಆರ್ ಮೌಲ್ಯ 2.0, ಮಡಚಿದಾಗ 50 ಸೆಂ.ಮೀ. ಅಗಲದ ಪೆಟ್ಟಿಗೆಯಷ್ಟಿರುತ್ತದೆ. ಫೋಮ್ ಪಂಕ್ಚರ್ ಆಗುವುದಿಲ್ಲ ಎಂಬುದು ಅದರ ದೊಡ್ಡ ಗುಣ. ಬೆನ್ನಿಗೆ ಚೀಲ ಹಾಕುವ ಚಾರಣಿಗನಿಗೆ ಆ ಗುಣ ಸಾಕು, ಸೈಕಲ್ಲಿನಲ್ಲಿ ಅದನ್ನಿಡಲು ಜಾಗವೇ ಇಲ್ಲ.

ಹೊದಿಕೆಗೆ ಬಂದರೆ, ಐಎಸ್‌ಒ 23537 ಮಾನದಂಡದಡಿ ಸ್ಲೀಪಿಂಗ್ ಬ್ಯಾಗಿಗೆ ಹಿತವಾದ ಉಷ್ಣತೆ ಮತ್ತು ಕೆಳಮಿತಿ ಎಂಬ ಎರಡು ಬೇರೆ ಅಂಕಿಗಳಿರುತ್ತವೆ. ಮಾರುವವರು ದೊಡ್ಡ ಅಕ್ಷರದಲ್ಲಿ ಬರೆಯುವುದು ಸಾಮಾನ್ಯವಾಗಿ ಕೆಳಮಿತಿಯನ್ನು. ದಿನವಿಡೀ ತುಳಿದು ದಣಿದ ಮೈ ಬೇಗ ಚಳಿ ಹಿಡಿಯುವುದರಿಂದ ನೀವು ಹಿತವಾದ ಉಷ್ಣತೆಯ ಅಂಕಿಯನ್ನೇ ನೋಡಿ ಕೊಳ್ಳಿ. ಬೆನ್ನಿನ ಭಾಗವೇ ಇಲ್ಲದ, ಮ್ಯಾಟಿಗೆ ಪಟ್ಟಿಯಿಂದ ಕಟ್ಟುವ ಗರಿಯ ಕ್ವಿಲ್ಟ್ ಸೈಕಲ್ಲಿಗೆ ಅತ್ಯಂತ ಹೊಂದುವ ಹೊದಿಕೆ ಎಂಬುದು ನನ್ನ ದೃಢ ಅಭಿಪ್ರಾಯ. ಗರಿ ಒದ್ದೆಯಾದರೆ ಉಬ್ಬು ಕಳೆದುಕೊಂಡು ನಿಷ್ಪ್ರಯೋಜಕವಾಗುತ್ತದೆ, ಹಾಗಾಗಿ ನೀರು ನುಗ್ಗದ ಚೀಲದೊಳಗಿಟ್ಟು, ಬಾಯಿಯನ್ನು ಮೂರು ನಾಲ್ಕು ಸುತ್ತು ಮಡಚಿಯೇ ಕೊಂಡಿ ಹಾಕಿ. ಮನೆಗೆ ಬಂದ ಮೇಲೆ ಅದನ್ನು ಅದುಮಿಟ್ಟ ಸ್ಥಿತಿಯಲ್ಲೇ ಬಿಡಬೇಡಿ.

ಕಿರುಫ್ರೇಮು

ಇಲ್ಲಿಯವರೆಗಿನ ಮಾತುಗಳೆಲ್ಲ ಎತ್ತರದ ಸವಾರರನ್ನು ಮನಸ್ಸಿನಲ್ಲಿಟ್ಟುಕೊಂಡಂತಿವೆ. ನನ್ನಂಥ ಗಿಡ್ಡ ಮೈಕಟ್ಟಿನವರ ಚಿಕ್ಕ ಫ್ರೇಮಿನಲ್ಲಿ 29 ಇಂಚಿನ ಹಿಂದಿನ ಚಕ್ರಕ್ಕೂ ಸೀಟಿಗೂ ನಡುವೆ ಗೇಣಷ್ಟು ಜಾಗವೂ ಇರುವುದಿಲ್ಲ. 14 ಲೀಟರಿನ ಸೀಟಿನ ಚೀಲ ತುಂಬಿ ಕಟ್ಟಿದರೆ ಗುಂಡಿ ಹಾರಿದಾಗಲೆಲ್ಲ ಟೈರಿಗೆ ಉಜ್ಜಿ, ಒಂದೇ ದಿನದಲ್ಲಿ ತೂತಾಗುತ್ತದೆ. ನನಗೆ ಅದಕ್ಕೆ ಸಿಕ್ಕ ಪರಿಹಾರ ಸೀಟಿನ ಕಂಬ ಮತ್ತು ಹಿಂದಿನ ಆಕ್ಸಲ್‌ಗೆ ಬಿಗಿಯುವ ಸಣ್ಣ, ಹಗುರ ರ್‍ಯಾಕ್. ಅದರ ಮೇಲೆ ಕೂರುವ ಚೀಲ ಅಲ್ಲಾಡುವುದೇ ಇಲ್ಲ, ಟೈರಿನಿಂದ ಯಾವಾಗಲೂ ಒಂದೇ ಅಂತರದಲ್ಲಿರುತ್ತದೆ. ತೂಕ ಹೆಚ್ಚಾಗುತ್ತದೆ ನಿಜ, ಆದರೆ ಇಳಿಜಾರಿನ ತಿರುವಿನಲ್ಲಿ ಹಿಂದಿನ ಚೀಲ ಆಚೀಚೆ ತೂಗಿದಾಗ ಸೈಕಲ್ ದಾರಿ ಬಿಟ್ಟು ಸರಿಯುವುದನ್ನು ಅನುಭವಿಸಿದವರು ಆ ತೂಕದ ಬಗ್ಗೆ ದೂರುವುದಿಲ್ಲ.

ಮುಂದಿನ ಚೀಲದ ಬಗ್ಗೆ ಒಂದು ಪರೀಕ್ಷೆಯನ್ನು ಎಲ್ಲರೂ ಮನೆಯಲ್ಲೇ ಮಾಡಿ ನೋಡಬೇಕು. ನಿಮ್ಮದು ಗಾಳಿಯ ಸಸ್ಪೆನ್ಷನ್ ಫೋರ್ಕ್ ಆಗಿದ್ದರೆ ಅದರ ಗಾಳಿಯನ್ನೆಲ್ಲ ಬಿಟ್ಟು, ಚೀಲವನ್ನು ಪೂರ್ತಿ ತುಂಬಿ ಹ್ಯಾಂಡಲ್‌ಬಾರ್‌ಗೆ ಕಟ್ಟಿ, ಫೋರ್ಕನ್ನು ತಳ ಮುಟ್ಟುವವರೆಗೆ ಒತ್ತಿ ಹಿಡಿಯಿರಿ. ಆಗ ಚೀಲದ ತಳಕ್ಕೂ ಟೈರಿಗೂ ನಡುವೆ ಎರಡು ಬೆರಳು ತೂರುವಷ್ಟಾದರೂ ಜಾಗ ಇರಬೇಕು. ನಿಂತ ಸೈಕಲ್ಲಿನಲ್ಲಿ ಧಾರಾಳವಾಗಿ ಕಾಣುವ ಅಂತರ ಫೋರ್ಕ್ 100 ಮಿ.ಮೀ. ಕುಸಿದಾಗ ಇಲ್ಲವಾಗುತ್ತದೆ, ಓಡುವಾಗ ಚೀಲ ಟೈರಿಗೆ ಸಿಕ್ಕಿದರೆ ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುವುದು ಖಂಡಿತ. ಹಾಗೆಯೇ ಚೀಲದ ಪಟ್ಟಿ ತಾಗುವ ಕಡೆಗಳಲ್ಲೆಲ್ಲ ಫ್ರೇಮಿಗೆ ಪಾರದರ್ಶಕ ಟೇಪ್ ಅಂಟಿಸಿ. ಪಟ್ಟಿಯಡಿ ಸೇರುವ ಧೂಳು ಉಪ್ಪುಕಾಗದದಂತೆ ಬಣ್ಣವನ್ನು ತಿಂದುಹಾಕುತ್ತದೆ.

ಹಗುರಹೊರೆ

ಕಿರುಫ್ರೇಮು ಅವರು ಹೇಳಿದ ಪರೀಕ್ಷೆ ಬಹಳ ಉಪಯುಕ್ತವಾದದ್ದು. ತೂಕದ ಹಂಚಿಕೆಯ ಬಗ್ಗೆ ನಾನೂ ಒಂದು ಮಾತು ಸೇರಿಸುತ್ತೇನೆ. ಉಪಕರಣ, ಪವರ್ ಬ್ಯಾಂಕ್, ನೀರು, ಬಿಡಿಭಾಗ ಮುಂತಾದ ಭಾರದ ವಸ್ತುಗಳೆಲ್ಲ ಫ್ರೇಮಿನ ತ್ರಿಕೋನದೊಳಗೆ, ಆದಷ್ಟು ಕೆಳಗೆ ಇರಲಿ. ಹ್ಯಾಂಡಲ್‌ಬಾರಿಗೂ ಸೀಟಿಗೂ ಉಬ್ಬಿದ, ಹಗುರವಾದ ಬಟ್ಟೆ ಹೊದಿಕೆಗಳು ಹೋಗಲಿ. ಫೋರ್ಕಿನ ಎರಡು ಬದಿಯ ಕ್ಯಾರಿಯರ್‌ಗಳಲ್ಲಿ ಕೆಲವು ಮಾದರಿಗಳಿಗೆ ಬದಿಗೆ 3 ಕೆ.ಜಿ.ಯೇ ಮಿತಿ, ನಿಮ್ಮ ಫೋರ್ಕ್ ಮತ್ತು ಕ್ಯಾರಿಯರ್ ಎರಡರ ಮಿತಿಯನ್ನೂ ಓದಿ, ಕಡಿಮೆಯದನ್ನು ಪಾಲಿಸಿ.

ನೀರಿನ ಬಗ್ಗೆ ಯಾರೂ ಮಾತಾಡದಿರುವುದು ನನಗೆ ಆಶ್ಚರ್ಯ. 1 ಲೀಟರ್ ನೀರು 1 ಕೆ.ಜಿ. ಹೊಸ ಟೆಂಟ್ ಕೊಂಡು ಉಳಿಸುವ 1.4 ಕೆ.ಜಿ.ಯನ್ನು ಅನಗತ್ಯವಾಗಿ ಹೊತ್ತ ಒಂದೂವರೆ ಲೀಟರ್ ನೀರು ಅಳಿಸಿಹಾಕುತ್ತದೆ. ದಾರಿಯಲ್ಲಿ ನೀರು ಸಿಗುವ ತಾಣಗಳನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಕೊಂಡು, ಒಂದು ಸೋಸುಕವನ್ನು ಜೊತೆಗಿಟ್ಟುಕೊಂಡರೆ ಹೆಚ್ಚು ಹಣವಿಲ್ಲದೆ ಅಷ್ಟು ತೂಕ ಇಳಿಯುತ್ತದೆ. ಸಾಯರ್ ಸ್ಕ್ವೀಝ್‌ನಂಥ ಟೊಳ್ಳುನಾರಿನ ಸೋಸುಕ 0.1 ಮೈಕ್ರಾನ್ ರಂಧ್ರದ್ದು, 100 ಗ್ರಾಂ ಕೂಡ ತೂಗುವುದಿಲ್ಲ. ಅದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ವೈರಸ್ಸನ್ನು ತಡೆಯುವುದಿಲ್ಲ. ಜನವಸತಿಯ ಕೆಳಗಿನ ನೀರಾದರೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆಯನ್ನೂ ಹಾಕಬೇಕು ಅಥವಾ ಕುದಿಸಬೇಕು. ಒಮ್ಮೆ ಒದ್ದೆಯಾದ ಸೋಸುಕ ಹೆಪ್ಪುಗಟ್ಟಿದರೆ ಒಳಗಿನ ನಾರುಗಳು ಒಡೆಯುತ್ತವೆ, ಹೊರಗಿನಿಂದ ಅದು ಗೊತ್ತಾಗುವುದಿಲ್ಲ. ಚಳಿ ಹೆಚ್ಚಿರುವ ರಾತ್ರಿ ಅದನ್ನು ಹೊದಿಕೆಯೊಳಗೇ ಇಟ್ಟುಕೊಂಡು ಮಲಗಿ.

ಏರುಹಾದಿ

ನೀರಿನ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ತಳ್ಳುವ, ಎತ್ತುವ ದಾರಿಯ ಬಗ್ಗೆ ಹಗುರಹೊರೆ ಅವರು ಹೇಳಿದ್ದೂ ಸರಿಯೇ. ನನ್ನ ಲೆಕ್ಕ ತುಳಿಯಬಲ್ಲ ದಾರಿಗೆ ಮಾತ್ರ ಅನ್ವಯಿಸುತ್ತದೆ. ಇನ್ನು, ಬ್ಯಾಟರಿಯಿಂದ ನಡೆಯುವ ಗೇರ್ ಬಗ್ಗೆ ಯಾರಾದರೂ ಕೇಳುವ ಮುನ್ನ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕೆಲಸ ಅಚ್ಚುಕಟ್ಟು, ಆದರೆ ಬೆಟ್ಟದ ಸೈಕಲ್ಲಿನಲ್ಲಿ ಸ್ರ್ಯಾಮ್‌ನ ಬ್ಯಾಟರಿ ಒಂದು ಚಾರ್ಜ್‌ನಲ್ಲಿ ಸುಮಾರು 20 ಗಂಟೆಯ ಸವಾರಿಗೆ ಬರುತ್ತದೆ, ಐದಾರು ದಿನಕ್ಕೆ ಅದು ಸಾಲದು, ಇನ್ನೊಂದು ಬ್ಯಾಟರಿ ಅಥವಾ ಚಾರ್ಜರ್ ಒಯ್ಯಲೇಬೇಕು. ಕೇಬಲ್ ತುಂಡಾದರೆ ಹತ್ತು ನಿಮಿಷದಲ್ಲಿ ಹೊಸದನ್ನು ಎಳೆಯಬಹುದು ಎಂಬ ಕಾರಣಕ್ಕೆ ನಾನು ಕೇಬಲ್ಲಿನ ಪಕ್ಷ.

ದೂರದಾರಿ

ವಿದ್ಯುತ್ತಿನ ಮಾತು ಬಂದದ್ದರಿಂದ ಕೇಳುತ್ತೇನೆ: ಫೋನ್, ದೀಪ ಮತ್ತು ಜಿಪಿಎಸ್‌ಗೆ ಮುಂದಿನ ಚಕ್ರದಲ್ಲಿ ಡೈನಮೋ ಹಬ್ ಹಾಕಿಸುವುದು ಒಳ್ಳೆಯದೋ, ಪವರ್ ಬ್ಯಾಂಕ್ ಸಾಕೋ?

ಕಡ್ಡಿಚಕ್ರ

ಐದಾರು ದಿನಕ್ಕೆ ಪವರ್ ಬ್ಯಾಂಕ್ ಸಾಕು. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 74 ವ್ಯಾಟ್‌ಗಂಟೆ ಇರುತ್ತದೆ, ಪರಿವರ್ತನೆಯಲ್ಲಿ ಹೋಗುವುದನ್ನು ಕಳೆದರೆ 50ರ ಮೇಲೆ ಕೈಗೆ ಸಿಗುತ್ತದೆ. ಫೋನನ್ನು ಫ್ಲೈಟ್ ಮೋಡಿನಲ್ಲಿಟ್ಟು, ದಾರಿಯನ್ನು ಜಿಪಿಎಸ್ ಉಪಕರಣದಲ್ಲಿ ನೋಡಿದರೆ ಅದು ಬೇಕಾದಷ್ಟಾಯಿತು. ವಿಮಾನದಲ್ಲಿ ಹೋಗುವುದಾದರೆ ಅದು ಕೈಚೀಲದಲ್ಲೇ ಇರಬೇಕು. 100 ವ್ಯಾಟ್‌ಗಂಟೆಯವರೆಗೆ ವಿಶೇಷ ಅನುಮತಿ ಬೇಡ. ಅಡುಗೆಯ ಗ್ಯಾಸ್ ಡಬ್ಬಿಯನ್ನಂತೂ ಕೈಚೀಲದಲ್ಲೂ ಒಯ್ಯುವಂತಿಲ್ಲ, ಇಳಿದ ಮೇಲೆ ಕೊಳ್ಳುವ ಏರ್ಪಾಡು ಮಾಡಿಕೊಳ್ಳಿ.

ಡೈನಮೋ ಹಬ್ 6 ವೋಲ್ಟಿನಲ್ಲಿ 3 ವ್ಯಾಟ್ ಕೊಡುವಂತೆ ಮಾಡಿದ ಯಂತ್ರ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಚಾರ್ಜಿಂಗ್ ಚೆನ್ನಾಗಿ ಆಗುತ್ತದೆ, 6-7 ಕಿ.ಮೀ. ವೇಗದ ಚಡಾವಿನಲ್ಲಿ ಹೆಚ್ಚೇನೂ ಬರುವುದಿಲ್ಲ. ವಾರಗಟ್ಟಲೆ ಊರು ಮುಟ್ಟದೆ ಹೋಗುವವರಿಗೆ, ರಾತ್ರಿಯೂ ತುಳಿಯುವವರಿಗೆ ಅದಕ್ಕೆ ಬೆಲೆಯಿದೆ. ನಿಮ್ಮ ದಾರಿಯಲ್ಲಿ ಚಡಾವೇ ಹೆಚ್ಚಿರುವುದರಿಂದ ಆ ಹಣವನ್ನು ಮ್ಯಾಟಿಗೆ ಹಾಕಿ.

ದೂರದಾರಿ

ಹಾಗಾದರೆ ಸದ್ಯಕ್ಕೆ ಹೀಗೆ ನಿಶ್ಚಯಿಸಿದ್ದೇನೆ. 28 ಹಲ್ಲಿನ ರಿಂಗ್, 2.25 ಇಂಚಿನ ಟೈರನ್ನು ಟ್ಯೂಬಿಲ್ಲದೆ ಕೂರಿಸುವುದು, ಮುಂದೆ 180 ಮಿ.ಮೀ. ಡಿಸ್ಕ್, ಗಾಳಿ ತುಂಬುವ ಮ್ಯಾಟ್, ಗರಿಯ ಕ್ವಿಲ್ಟ್. ಟೆಂಟ್ ಇರುವುದೇ ಇರಲಿ, ಕೋಲುಗಳು ಫ್ರೇಮಿಗೆ. 51 ಹಲ್ಲಿನ ಕ್ಯಾಸೆಟನ್ನು ಈಗಿನ ಕ್ಯಾಸೆಟ್ ಸವೆದ ಮೇಲೆ ನೋಡುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ: ಡಿರೈಲರನ್ನು ಫ್ರೇಮಿಗೆ ಸೇರಿಸುವ ಸಣ್ಣ ಲೋಹದ ತುಂಡು, ಅಂದರೆ ಡಿರೈಲರ್ ಹ್ಯಾಂಗರ್, ಇನ್ನೊಂದು ಜೊತೆಗಿರಬೇಕೆಂದು ಎಲ್ಲೆಡೆ ಓದುತ್ತೇನೆ, ನನ್ನ ಸೈಕಲ್ಲಿಗೆ ಹೊಂದುವುದನ್ನು ಗುರುತಿಸುವುದು ಹೇಗೆ?

ಕಡ್ಡಿಚಕ್ರ

ಒಳ್ಳೆಯ ಆಯ್ಕೆ. 2019ರಲ್ಲಿ ಸ್ರ್ಯಾಮ್ ತಂದ ಯುಡಿಎಚ್ ಎಂಬ ಸಾರ್ವತ್ರಿಕ ಹ್ಯಾಂಗರ್ ಹಲವು ಹೊಸ ಫ್ರೇಮುಗಳಲ್ಲಿ ಇರುತ್ತದೆ, ಅದಾದರೆ ಒಂದೇ ಮಾದರಿ ಎಲ್ಲದಕ್ಕೂ ಹೊಂದುತ್ತದೆ. ಅದಕ್ಕಿಂತ ಹಳೆಯ ಫ್ರೇಮುಗಳಲ್ಲಿ ಪ್ರತಿ ತಯಾರಕರದ್ದೂ ಬೇರೆ ಬೇರೆ ಆಕಾರ. ಚಕ್ರ ತೆಗೆದು, ಡಿರೈಲರ್ ಬಿಚ್ಚಿ, ಹ್ಯಾಂಗರನ್ನು ಫ್ರೇಮಿನಿಂದ ಹೊರತೆಗೆದು, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಎರಡೂ ಬದಿಯ ಚಿತ್ರ ತೆಗೆಯಿರಿ. ಬೋಲ್ಟಿನ ತೂತುಗಳೆಷ್ಟು, ಅವುಗಳ ನಡುವಿನ ಅಂತರವೆಷ್ಟು, ಬೋಲ್ಟ್ ಒಳಗಿನಿಂದ ಬರುತ್ತದೆಯೋ ಹೊರಗಿನಿಂದಲೋ ಎಂಬುದನ್ನು ಬರೆದುಕೊಂಡರೆ ಹುಡುಕುವುದು ಸುಲಭ. ಹೊಸದು ಬಂದ ಕೂಡಲೇ ಅದನ್ನು ಫ್ರೇಮಿಗೆ ಕೂರಿಸಿ ನೋಡಿ, ಹೊಂದಿದರೆ ಹೊಸದನ್ನೇ ಅಲ್ಲಿ ಬಿಟ್ಟು ಹಳೆಯದನ್ನು ಚೀಲಕ್ಕೆ ಹಾಕಿ. ಅದರ ಬೋಲ್ಟುಗಳನ್ನೂ ಅದಕ್ಕೇ ಟೇಪಿನಿಂದ ಸುತ್ತಿಡಿ. ನಿಮ್ಮ ಮಲ್ಟಿಟೂಲಿನಲ್ಲಿ ಆ ಬೋಲ್ಟಿಗೆ ಹೊಂದುವ ಕೀಲಿ ಇದೆಯೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಿ, ಕೆಲವು ಹ್ಯಾಂಗರಿನ ಬೋಲ್ಟ್ ಎಷ್ಟು ಚಿಕ್ಕದೆಂದರೆ ಸಾಮಾನ್ಯ ಮಲ್ಟಿಟೂಲಿನಲ್ಲಿ ಅದರ ಅಳತೆಯೇ ಇರುವುದಿಲ್ಲ.

ಡಿರೈಲರ್ ಕೂಡ ಮುರಿದರೆ ಚೈನ್ ಬಿಚ್ಚುವ ಉಪಕರಣ ಮತ್ತು ಒಂದೆರಡು ಕ್ವಿಕ್‌ಲಿಂಕ್ ಕೈಗೆ ಬರುತ್ತವೆ. ಚೈನನ್ನು ಕತ್ತರಿಸಿ, ಕ್ಯಾಸೆಟಿನ ನಡುವಿನ, ಮುಂದಿನ ರಿಂಗಿಗೆ ನೇರ ಬರುವ ಹಲ್ಲಿನ ಮೇಲೆ ಬಿಗಿಯಾಗಿ ಕೂಡಿಸಿ. ಪಕ್ಕದ ಹಲ್ಲು ಆರಿಸಿದರೆ ಚೈನ್ ದೊಡ್ಡ ಹಲ್ಲಿನ ಕಡೆಗೆ ಏರಿ ಇನ್ನಷ್ಟು ಬಿಗಿದು ನಿಂತುಬಿಡುತ್ತದೆ. ಹೀಗೆ ಕೂಡಿಸಿದ ಒಂದೇ ಗೇರಿನಲ್ಲಿ ಸಮತಟ್ಟು ದಾರಿಯಲ್ಲಿ ತುಳಿದು, ಚಡಾವಿನಲ್ಲಿ ತಳ್ಳಿ, ಮುಂದಿನ ಊರಿನವರೆಗೆ ಹೋಗಬಹುದು.